ವೈನಿ ಹೇಳಿದ ಹೆಸರು

ಹೈಟೆಕ್ ಸಿಟಿ ಬಿಲ್ಡಿಂಗಿಗೆ ಬಣ್ಣ ಹೊಡಿಯೋ ನಮ್ಮ ಹುಲಗೇಶನಂಥಾ ಆ್ಯಕ್ಟರ್ ನಿಮ್ಮ ಕಡೆ ಇದ್ರ ತೋರಸ್ರಿ ನೋಡೋಣ. ಅಣ್ಣ ಕಾರ್ಗಿಲ್‌ನ್ಯಾಗ ತೀರಿಕೊಂಡ ಸುದ್ದಿ ಎದ್ಯಾಗ ಇಟ್ಕೊಂಡು, ತುಂಬಿದ ಬಸುರಿ ವೈನಿ ಸುವರ್ಣಾನ ಜೋಡಿ ನಾಂಪಲ್ಲಿ ಸರ್ಕಾರಿ ಆಫೀಸಿನ್ಯಾಗ ನಕ್ಕೋತ ನಿಂತಾನ.

"ಯುದ್ಧಕ್ಕ ಹೋದೋರ ಹೆಂಡ್ರಿಗೆಲ್ಲಾ ರೊಕ್ಕ ಕೊಡಾಕತ್ತಾರ್ರಿ ವೈನಿ," ಅಂತ ಸುಳ್ಳು ಹೇಳಿ ಕರ್ಕೊಂಡು ಬಂದಿದ್ದ. ಕೌಂಟರಿನ ಮೇಡಂಗೂ, "ಹೆರಿಗಿ ಆಗೋತನಕ ಆಕಿಗೆ ಗೊತ್ತಾಗಬಾರದ್ರಿ, ಜೀವಕ್ಕ ಕುತ್ತು ಅಂದಾರ ಡಾಕ್ಟ್ರು," ಅಂತ ಪಿಸುಗುಟ್ಟಿದ್ದ. ಆಮ್ಯಾಲ ವೈನಿ ಕಡೆ ತಿರುಗಿ, "ಈ ಹುಲಿ ಬಂದ್ರ ಸರ್ಕಾರನೂ ಎದ್ದು ಕುರ್ಚಿ ಕೊಡತೈತಿ," ಅಂತ ಡೈಲಾಗ್ ಬಿಟ್ಟ. ಆಕಿ ನಕ್ಕಳು.

"ಗಂಡನ ಹೆಸರೇನಮ್ಮ?" ಮೇಡಂ ಕೇಳಿದ್ರು.

ಜೀವಂತ ಗಂಡನ ಹೆಸರು ಬಾಯಿಬಿಟ್ಟು ಹೇಳಿದ್ರ ಅವನ ಆಯುಷ್ಯ ಕಡಿಮಿ ಆಕ್ಕೈತಂತ ಸುವರ್ಣಾ ಎಂದೂ ಹೇಳಿದಾಕಿ ಅಲ್ಲ. "ನಾ ಹೇಳ್ತೀನ್ರಿ," ಅಂತ ಹುಲಗೇಶ ಮುಂದ ಬಾಗಿದ. ಸುವರ್ಣಾ ಅವನ ಅಂಗಿ ತೋಳು ಹಿಡಿದು ನಿಲ್ಲಿಸಿದ್ಲು.

"ಕಾಶಿನಾಥ," ಅಂದ್ಲು.

ಖರೇ ಹೇಳ್ತೀನಿ, ಆಕಿಗೆ ಮೊದಲೇ ಗೊತ್ತಿತ್ತು. ಇಷ್ಟು ದಿನ ನಕ್ಕಿದ್ದು, ಮೈದುನ ಅಳಬಾರದು ಅಂತ.