ಮಾಮನ ಪೇಪರ್ ಕಪ್

ಕೆಲವು ವಿವರಗಳು ತಪ್ಪಾಗಿ ನೆನಪಿರಬಹುದು. ಆಗ ನನಗೆ ಏಳೋ ಎಂಟೋ ವರ್ಷ. ಆದರೆ ಈಗಲೂ ಆಫೀಸಿನಲ್ಲಿ ಪೇಪರ್ ಕಪ್ಪಿಗೆ ಬಿಸಿ ಚಹಾ ಬಿದ್ದು ಮೇಣದ ವಾಸನೆ ಎದ್ದರೆ, ಗಲ್ಫಿನ ಊದ್ ಮೇಥಾ ಬಡಾವಣೆಯ ನಮ್ಮ ಫ್ಲಾಟಿನ ಆ ಮಧ್ಯಾಹ್ನ ಎದುರಿಗೆ ಬರುತ್ತದೆ.

ಅಮ್ಮನ ತಮ್ಮ, ನನ್ನ ಮಾಮ, ಉಡುಪಿಯಿಂದ ಕೆಲಸಕ್ಕೆಂದು ಬಂದು ತಿಂಗಳೂ ಆಗಿರಲಿಲ್ಲ. ವೀಸಾದ ಮೆಡಿಕಲ್‌ನಲ್ಲಿ ಅವನ ಎದೆಯಲ್ಲಿ ಹಳೆಯ ಕ್ಷಯದ ಕಲೆ ಕಂಡಿತ್ತು. ಕಲೆ ಇದ್ದರೂ ಅಲ್ಲಿ ವೀಸಾ ಕೊಡುತ್ತಿರಲಿಲ್ಲ, ಊರಿಗೆ ಮರಳಬೇಕಿತ್ತು. ಅವನು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡು ಪುಟ್ಟಿ, ಮಾಮನ ಫೋಟೋ. ಒಳಗಿಂದ ತೆಗೆದದ್ದು," ಎಂದ. ಅದು ನೀಲಿಯಾಗಿತ್ತೋ, ಬೂದು ಬಣ್ಣವೋ.

"ನಗಾಡ್ಬೇಡ ಮಾರಾಯ, ಕೆಲಸ ಖಲಾಸ್ ಆಯ್ತಲ್ಲ," ಎಂದಳು ಅಮ್ಮ.

"ಶಾಲೆಗೆ ಹೋಗುವಾಗ ಬಂದದ್ದು ಅಕ್ಕ. ಮಾತ್ರೆ ನುಂಗಿ ಪೂರ್ತಿ ಗುಣ ಆಗಿದೆ. ಕಲೆ ಉಳಿದ್ರೆ ನಾನೆಂತ ಮಾಡುದು?"

ಅಮ್ಮ ಚಹಾ ತಂದಳು. ನಮಗೆ ಸ್ಟೀಲ್ ಲೋಟ. ಮಾಮನಿಗೆ, ನನ್ನ ಹುಟ್ಟುಹಬ್ಬದಲ್ಲಿ ಉಳಿದಿದ್ದ, ಬಲೂನ್ ಚಿತ್ರದ ಪೇಪರ್ ಕಪ್. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಈ ಸಲ ನಗಲಿಲ್ಲ. ಕುಡಿದಾದ ಮೇಲೆ ಅಮ್ಮ ಕಪ್ಪನ್ನು ಚೀಲದಲ್ಲಿ ಗಂಟುಕಟ್ಟಿ ಕಸಕ್ಕೆ ಹಾಕಿದಳು. ಅವಳ ಕಣ್ಣು ಒದ್ದೆಯಾಗಿತ್ತೇ? ಗೊತ್ತಿಲ್ಲ.

ನಾನು ಕೇಳಿದ್ದು ಮಾತ್ರ ಸರಿಯಾಗಿ ನೆನಪಿದೆ: "ಅಮ್ಮಾ, ಮಾಮನಿಗೆ ಗುಣ ಆಗಿದೆಯಲ್ಲ? ಮತ್ತೆ ನಮ್ಮ ಲೋಟ ಯಾಕೆ ಕೊಡ್ಲಿಲ್ಲ?"