ಬಾಸುಂಡೆಗೊಂದು ಒಳಾರ್ಥ

ಮೊದಲೇ ಹೇಳಿಬಿಡುತ್ತೇನೆ, ಆ ಮಧ್ಯಾಹ್ನ ಎಲ್ಲರನ್ನೂ ನಗಿಸಿದ ಕಪಿ ನಾನೇ. ಶೇಂಗಾ ಸಿಪ್ಪೆಯ ಒಣ ವಾಸನೆ ಈಗಲೂ ನನ್ನನ್ನು ಕುರುಗೋಡಿನ ನಮ್ಮ ಪಡಸಾಲೆಗೆ ಎಳೆದೊಯ್ಯುತ್ತದೆ.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಹೆಂಗಸರು ಬಿತ್ತನೆಗೆಂದು ಶೇಂಗಾ ಸುಲಿಯುತ್ತ ಪುರಾಣ ಕೇಳುತ್ತಿದ್ದರು. ಅಪ್ಪ ಓದುವುದು, ಅಯ್ಯನವರು ಅರ್ಥ ಹೇಳುವುದು. ಅಂದಿನ ಕಥೆಯಲ್ಲಿ ಗಂಡ ಹೆಂಡತಿಯನ್ನು ಹೊಡೆದು ಹೊರಗೆ ನೂಕಿದ. ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ.

“ಗಂಡ ಅಂದ್ರ ಶಿವ, ಹೆಣ್ತಿ ಅಂದ್ರ ಜೀವ, ಹೊಡೆತ ಅಂದ್ರ ಪರೀಕ್ಷಾ,” ಎಂದರು ಅಯ್ಯನವರು.

ನಾನು ಅಜ್ಜಿಯ ಬೆನ್ನ ಹಿಂದೆ ಕೂತು, ಅವರಂತೆಯೇ ಮೂಗಿನಿಂದ ರಾಗ ಎಳೆದೆ: “ರೊಟ್ಟಿ ಅಂದ್ರ ಮಾಯಾ, ಬದನಿಕಾಯಿ ಪಲ್ಯ ಅಂದ್ರ ಮೋಕ್ಷಾ!”

ಎಲ್ಲರೂ ನಕ್ಕರು. ಸೋದರತ್ತೆ ಮಾತ್ರ ನಗಲಿಲ್ಲ. ಸಿರುಗುಪ್ಪದ ಗಂಡನ ಮನೆಯಿಂದ ಹಿಂದಿನ ವಾರವಷ್ಟೇ ಓಡಿಬಂದಿದ್ದಳು. ಬೆನ್ನ ಮೇಲಿನ ಬಾಸುಂಡೆಗಳು ಇನ್ನೂ ಇಳಿದಿರಲಿಲ್ಲ.

ಅಯ್ಯನವರು ಅವಳತ್ತ ತಿರುಗಿದರು. “ತಿಳೀತೇನವ್ವಾ? ನಾಳಿ ಬಸ್ಸಿಗೆ ಗಂಡನ ಮನಿಗಿ ಹೊರಡು.”

ಅಪ್ಪ ಪುಸ್ತಕ ಮಡಚಿ, ಹೌದೆಂದು ತಲೆಯಾಡಿಸಿದ. ಅವಳ ಸ್ವಂತ ಅಣ್ಣ! ಸಿರುಗುಪ್ಪದ ಕುಡುಕನೊಬ್ಬ ತನ್ನ ಹೆಸರಿನಲ್ಲಿ ಬಾರುಕೋಲು ಬೀಸುತ್ತಿದ್ದಾನೆಂದು ಆ ಶಿವನಿಗಾದರೂ ಗೊತ್ತಿತ್ತೇ? ಕಥೆಯ ಹೆಂಡತಿಗೆ ಅಷ್ಟೆಲ್ಲ ಅರ್ಥ ಹುಡುಕಿದವರಿಗೆ ಎದುರಿಗೆ ಕೂತವಳ ಬೆನ್ನು ಕಾಣಿಸಲಿಲ್ಲ.

ಅಜ್ಜಿ ಮೊರವನ್ನು ನೆಲಕ್ಕೆ ಕುಕ್ಕಿದಳು.

“ಅಯ್ನೋರ, ಹೋದ ವರ್ಷ ನಿಮ್ಮ ಮಗಳು ಹಿಂಗ ಅಳಕೋಂತ ಮನಿಗಿ ಬಂದಾಗ, ನೀವು ಅರ್ಥ ಹೇಳಿದ್ರ್ಯೋ, ಬಾಗ್ಲಾ ತೆಗದ್ರ್ಯೋ?”