ಹೊರ ಅಂಚು

ಕೊರ್ನೆಲಿಯಾ ಟೀಚರ್ ರೆನ್ಸ್ಕೆಯ ಬಲಗೈ ಹಿಡಿದು ತಂದು ಹಾರ್ಮೆನ್‌ನ ಎಡಗೈಯಲ್ಲಿ ಇಟ್ಟಾಗ, ಹೆಪ್ಪುಗಟ್ಟಿದ ಕಾಲುವೆಯ ಮೇಲಿದ್ದ ಅಷ್ಟೂ ಜನ ಒಮ್ಮೆಗೇ ಬಗ್ಗಿ ತಮ್ಮ ಸ್ಕೇಟಿನ ಲೇಸು ಸರಿಮಾಡಿಕೊಳ್ಳತೊಡಗಿದರು.

"ಎತ್ತರ ಹೊಂದುತ್ತೆ, ಕಾಲಿನ ಉದ್ದ ಹೊಂದುತ್ತೆ. ಹೇಳಿ ಮಾಡಿಸಿದ ಜೋಡಿ," ಎಂದರು ಟೀಚರ್. ಯಾರೋ ಕೆಮ್ಮಿದರು.

ಟೀಚರ್ ದಕ್ಷಿಣದ ಕಡೆಯವರು. ದೇಶದ ಉತ್ತರ ತುದಿಯ ಫ್ರೀಸ್‌ಲ್ಯಾಂಡಿನ ಈ ಹಳ್ಳಿಗೆ ಸ್ಕೇಟಿಂಗ್ ಕಲಿಸಲು ಬಂದು ವಾರವೂ ಆಗಿರಲಿಲ್ಲ. ಇವರಿಬ್ಬರೂ ಗಂಡ ಹೆಂಡತಿಯಾಗಿ ಇಪ್ಪತ್ತೆರಡು ವರ್ಷ ಬಾಳಿ, ಆಮೇಲೆ ಕೋರ್ಟಿನಲ್ಲಿ ಬಿಡುಗಡೆ ಪಡೆದವರೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವರಿಗೆ ಹೇಳುವುದಕ್ಕಿಂತ ನಿಂತು ನೋಡುವುದರಲ್ಲೇ ಹೆಚ್ಚು ಆಸಕ್ತಿಯಿತ್ತು.

ರೆನ್ಸ್ಕೆ ಕೈ ಕಿತ್ತುಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಕೈ ಕೈ ಹಿಡಿದು, ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತಾ ಸಾಗುವ ಈ ಜೋಡಿ ಸ್ಕೇಟಿಂಗ್ ಕಲಿಯಬೇಕೆಂದು ಹುಡುಗಿಯಾಗಿದ್ದಾಗಿನಿಂದ ಆಸೆಪಟ್ಟವಳು ಅವಳು. ಶನಿವಾರ ಕಾಲುವೆಯ ಮೇಲೆ ನಡೆಯುವ ಊರ ಜೋಡಿ ಮೆರವಣಿಗೆಗೆಂದು ಅಜ್ಜಿಯ ಕಾಲದ ಕಪ್ಪು ಲಂಗ ಆಗಲೇ ಇಸ್ತ್ರಿಯಾಗಿತ್ತು. ಬೇರೆಯವರಿಗೆಲ್ಲ ಜೊತೆ ಸಿಕ್ಕಾಗಿತ್ತು. ಮದುವೆಯಾಗಿದ್ದಷ್ಟು ಕಾಲವೂ ಹಾರ್ಮೆನ್ "ಅದು ಮುದುಕರ ಆಟ ಕಣೇ" ಎಂದು ನಕ್ಕು, ಸೊಂಟ ಬಗ್ಗಿಸಿ, ಕಾಲುವೆಯುದ್ದಕ್ಕೂ ಒಬ್ಬನೇ ರೈಲಿನಂತೆ ಓಡುತ್ತಿದ್ದ. ಈಗ ಮಂಡಿ ಸವೆದು ಡಾಕ್ಟರು ಓಟ ಬಿಡಿಸಿದ್ದರು. ಅದಕ್ಕೇ ಮುದುಕರ ಆಟಕ್ಕೆ ಬಂದಿದ್ದ. ಬಿಟ್ಟು ಹೋಗುವುದಾದರೆ ಅವನೇ ಹೋಗಲಿ ಎಂದುಕೊಂಡಳು. ಅವನ ಮುಖ ನೋಡಿದರೆ ಅವನೂ ಅದನ್ನೇ ಅಂದುಕೊಳ್ಳುತ್ತಿದ್ದ ಹಾಗಿತ್ತು.

"ಬಲಗಾಲ ಮೇಲೆ ನಿಂತಾಗ ಬಲಕ್ಕೇ ವಾಲಿ. ಎಡಗಾಲಾದ್ರೆ ಎಡಕ್ಕೆ. ಸ್ಕೇಟಿನ ಅಲಗಿದೆಯಲ್ಲ, ಅದರ ಹೊರ ಅಂಚು ಮಂಜುಗಡ್ಡೆಯನ್ನ ಕಚ್ಚಬೇಕು," ಎಂದರು ಟೀಚರ್. "ಬಿದ್ದೇಬಿಡ್ತೀವಿ ಅನ್ನಿಸೋ ಕಡೆಗೇ ಮೈ ಕೊಡಬೇಕು."

"ಆ ಕಡೆ ಮೈ ಕೊಟ್ರೆ ಬೀಳ್ತೀವಲ್ಲ ಟೀಚರ್?" ಎಂದ ಹಾರ್ಮೆನ್.

"ಕೊಡದೇ ಇರೋರೇ ಬೀಳೋದು."

ಹೊರಟರು. ರೆನ್ಸ್ಕೆ ಎಡಕ್ಕೆ ವಾಲಿದರೆ ಹಾರ್ಮೆನ್ ಹೆದರಿ ಒಳ ಅಂಚಿನ ಮೇಲೆ ಕುಸಿದು ಅವಳ ಕೈಯನ್ನು ಬಲಕ್ಕೆ ಜಗ್ಗಿದ. ಅವಳು ಬಲಕ್ಕೆ ವಾಲಿದರೆ ನೇರ ಬಂದು ಅವಳ ಮೇಲೇ ಬಿದ್ದ. ಅವಳು ಮೊಣಕೈಯಿಂದ ತಿವಿದಳು. ಅವನು ಗುರ್ ಎಂದ.

"ಅಯ್ಯೋ, ಅದೇನು ಗಂಡ ಹೆಂಡತಿ ಥರ ಎಳೆದಾಡ್ತೀರಿ!" ಎಂದು ಟೀಚರ್ ಕೂಗಿದರು. ಈ ಸಲ ಕೆಮ್ಮು ಯಾರಿಗೂ ಸಾಲಲಿಲ್ಲ. ಕಾಲುವೆ ಇಡೀ ಗೊಳ್ಳೆಂದು ನಕ್ಕಿತು. ಆ ನಗೆಗೇ ಕಾಲು ತಪ್ಪಿ ಇಬ್ಬರೂ ದಡದ ಜೊಂಡಿನವರೆಗೆ ಜಾರಿಹೋಗಿ ಕುಂಡಿಯ ಮೇಲೆ ಕೂತರು.

"ಯಾವ ಕಡೆ ಹೋಗ್ತೀಯ ಅಂತ ಬಾಯಿಬಿಟ್ಟು ಹೇಳ್ಬಾರ್ದಾ?" ಎಂದ ಹಾರ್ಮೆನ್, ಮಂಡಿ ಉಜ್ಜಿಕೊಳ್ಳುತ್ತಾ.

"ಪಕ್ಕದಲ್ಲೇ ಇರೋನಿಗೆ ಅಷ್ಟೂ ಗೊತ್ತಾಗಬೇಡ್ವಾ?"

"ಆವತ್ತಿಂದ ಇದನ್ನೇ ಅಂತಿದೀಯ. ಗೊತ್ತಾಗಲ್ಲ ಮಾರಾಯ್ತಿ ನಂಗೆ. ಹೇಳು. ಹೇಳಿದ್ರೆ ಕೇಳ್ತೀನಿ."

ರೆನ್ಸ್ಕೆ ಅವನ ಮುಖದಲ್ಲಿ ಕೊಂಕು ಹುಡುಕಿದಳು. ಮೀಸೆಗೆ ಹಿಮ ಹತ್ತಿತ್ತು, ಕಣ್ಣು ಮಂಜುಗಡ್ಡೆಯ ಮೇಲೇ ನೆಟ್ಟಿತ್ತು. ಈ ಮನುಷ್ಯ ಹೆದರಿದ್ದ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದರೂ ಅದನ್ನು ಅವಳು ನೋಡಿದ್ದು ಇದೇ ಮೊದಲು. ಎದ್ದು ಕೈ ಚಾಚಿದಳು.

"ಬಲಕ್ಕೆ," ಎಂದಳು. ಅವನು ಅರ್ಧ ವಾಲಿದ. "ಇನ್ನೂ. ಇನ್ನೂ ಸ್ವಲ್ಪ." ಉಸಿರು ಬಿಗಿಹಿಡಿದು ಪೂರ್ತಿ ವಾಲಿದ. ಅಲಗು ಕಚ್ಚಿತು. ಯಾರೋ ಕೆಳಗಿನಿಂದ ಎತ್ತಿಕೊಂಡಂತೆ ಇಬ್ಬರೂ ದೊಡ್ಡದೊಂದು ಬಾಗಿನಲ್ಲಿ ಸುಮ್ಮನೆ ತೇಲಿಹೋದರು. "ಎಡಕ್ಕೆ." ಅವನ ಭುಜ ಅವಳ ಭುಜಕ್ಕೆ ತಾಗಿತು. ಅವಳು ಹೊರಗೆ ವಾಲಿದಳು, ಅವನು ಹಿಂದೆಯೇ ಬಂದ. ಸೇತುವೆ ದಾಟುವ ಹೊತ್ತಿಗೆ ಅವಳು ಹೇಳುವುದನ್ನು ನಿಲ್ಲಿಸಿದ್ದಳು. ಅವನಿಗೂ ಕೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ದಡದ ಬೋಳು ಮರಗಳು ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಸರಿಯುತ್ತಿದ್ದವು. ರೆನ್ಸ್ಕೆಗೆ ಅಳು ಬರುವಷ್ಟು ಖುಷಿಯಾಯಿತು. ಮರುಕ್ಷಣವೇ ವಿಪರೀತ ಸಿಟ್ಟೂ ಬಂತು. ಇಷ್ಟು ಸುಲಭವಿತ್ತೇ ಇದು?

ಪಾಠ ಮುಗಿದು ದಡದ ಗುಡಾರದಲ್ಲಿ ಎಲ್ಲರೂ ಬಟಾಣಿ ಸೂಪಿಗೆ ಕೂತರು. ಬೆಂಚಿನಲ್ಲಿ ಬೇರೆ ಜಾಗ ಇರಲಿಲ್ಲವೆಂದು ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಕೊರ್ನೆಲಿಯಾ ಟೀಚರ್ ತಮ್ಮ ಬಟ್ಟಲು ಹಿಡಿದು ಎದುರಿಗೆ ಬಂದು ಕುಳಿತರು.

"ಶನಿವಾರ ಮೆರವಣಿಗೆಯಲ್ಲಿ ನೀವಿಬ್ಬರೇ ಮುಂದೆ. ಇಷ್ಟು ಬೇಗ ಹೀಗೆ ಹೊಂದಿಕೊಂಡೋರನ್ನ ನಾನು ನೋಡೇ ಇಲ್ಲ." ಆಮೇಲೆ ದನಿ ತಗ್ಗಿಸಿದರು. ತಗ್ಗಿಸಿದ್ದು ಸಾಲಲಿಲ್ಲ. "ತಪ್ಪು ತಿಳೀಬೇಡಿ. ಇಬ್ಬರ ಕೈಯಲ್ಲೂ ಉಂಗುರ ಕಾಣ್ಲಿಲ್ಲ, ಅದಕ್ಕೇ ಕೇಳ್ತಿದೀನಿ. ನೀವಿಬ್ಬರೂ ಯಾಕೆ ಮದುವೆ ಆಗಬಾರದು?"

ಗುಡಾರದ ಅಷ್ಟೂ ತಲೆಗಳು ಇವರ ಕಡೆ ತಿರುಗಿದವು. ಹಾರ್ಮೆನ್ ತನ್ನ ಬಟ್ಟಲಿನೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದ. ರೆನ್ಸ್ಕೆ ಚಮಚದ ಸೂಪನ್ನು ಉಫ್ ಎಂದು ಊದಿ ಆರಿಸಿದಳು.

"ಆಗಿದ್ವಿ ಟೀಚರ್," ಎಂದಳು. "ಆದ್ರೆ ಅದು ನೆಲದ ಮೇಲೆ."